ಬಾಲದೊಳಗಿನ ಆಂಟೆನಾ

ಆಂಟೆನಾ ಎಲ್ಲಿ ಕೂರಿಸಬೇಕು ಅನ್ನುವುದರಲ್ಲಿ, ವಿಮಾನ ಕಟ್ಟುವುದು ಹೇಗೆಂದು ಹೇಳುವ ಪುಸ್ತಕಕ್ಕೆ ಯಾವ ಅನುಮಾನವೂ ಇರಲಿಲ್ಲ. ಹಿಂದಿನ ಸೀಟು ದಾಟಿದ ಮೇಲೆ, ವಿಮಾನದ ಬೆನ್ನ ಮೇಲೆ, ಹೊರಗೆ, ನೆಟ್ಟಗೆ. ಇಂಗ್ಲಿಷಿನಲ್ಲಿದ್ದ ಆ ಪುಟವನ್ನು ಓದಿ ಹೇಳಿದವಳು ನಾನು. ಓದಿಸಿಕೊಂಡು, ಪೆನ್ಸಿಲಿನಿಂದ ಗುರುತು ಹಾಕಿ, ತೂತು ಕೊರೆದವರು ಪ್ರತಾಪ್. ಅಂದರೆ ಗೊತ್ತಿಲ್ಲದೆ ಆದದ್ದು ಏನೂ ಇಲ್ಲ.

ಪ್ರತಾಪ್ ನನ್ನ ಗಂಡ. ದೋಣಿಗಲ್ ಊರಿನ ಮೇಲಿನ ಗುಡ್ಡದಲ್ಲಿ ನಮ್ಮ ಕಾಫಿ ತೋಟ. ಮೂಟೆ ಇಡುವ ಸ್ಟೋರಿನ ಅರ್ಧ ಭಾಗ ಖಾಲಿ ಮಾಡಿಸಿ, ಹೊರದೇಶದಿಂದ ಬಿಡಿಭಾಗ ತರಿಸಿ, ಇಬ್ಬರು ಕೂರುವ ಒಂದು ಪುಟ್ಟ ವಿಮಾನವನ್ನು ಅವರು ಕಟ್ಟುತ್ತಾ ಬಂದರು. ಕಬ್ಬಿಣದ ಪೈಪಿನ ಗೂಡು, ಅದರ ಮೇಲೆ ಬಿಗಿದ ಬಟ್ಟೆ. ಮುಂದೊಂದು ಸೀಟು, ಅದರ ಬೆನ್ನಿಗೆ ಇನ್ನೊಂದು. ಅವರು ವಿಮಾನ ಕಟ್ಟಿದಷ್ಟು ಕಾಲವೂ ತೋಟ ನನ್ನ ಕೈಲಿತ್ತು. ಗೊಬ್ಬರ, ಔಷಧಿ, ಕಸಿ, ಆಳುಗಳ ಲೈನ್ ಮನೆಗಳ ಜಗಳ, ಎಲ್ಲ. ಹಗಲು ಆಳುಗಳ ಹಿಂದೆ ತಿರುಗಿ, ಸಂಜೆ ಸ್ಟೋರಿನಲ್ಲಿ ಕೂತು, ರೆಕ್ಕೆಯ ಬಟ್ಟೆಗೆ ಮೇಣದ ದಾರದಲ್ಲಿ ಹೊಲಿಗೆ ಹಾಕುತ್ತಿದ್ದೆ. ನನಗೂ ಆ ವಿಮಾನದ ಮೇಲೆ ಆಸೆ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಹಿಂದಿನ ಸೀಟು ನಮ್ಮ ಮಗಳು ಸೌಜನ್ಯಳದು ಎಂದು ಮೊದಲ ದಿನವೇ ತೀರ್ಮಾನವಾಗಿತ್ತು. ಹಾಸನದಲ್ಲಿ ಡಿಗ್ರಿ ಓದುತ್ತಿದ್ದಳು. ಶನಿವಾರ ಬಂದರೆ ಬ್ಯಾಗು ಜಗುಲಿಯ ಮೇಲೆ ಎಸೆದು ನೇರ ಸ್ಟೋರಿಗೆ ಓಡುತ್ತಿದ್ದಳು.

ಆ ಸೀಟಿನ ಹಿಂದೆ, ಬಾಲ ಶುರುವಾಗುವಲ್ಲಿ, ಕೇಸರಿ ಬಣ್ಣದ ಒಂದು ಪೆಟ್ಟಿಗೆ ಇತ್ತು. ಬೀಕನ್ ಅನ್ನುತ್ತಾರೆ. ವಿಮಾನ ಎಲ್ಲಾದರೂ ಜೋರಾಗಿ ಬಿದ್ದರೆ ಅದು ತಾನಾಗಿಯೇ ಎಚ್ಚರಗೊಂಡು ಉಪಗ್ರಹಕ್ಕೆ ಕೂಗು ಹಾಕುತ್ತದೆ. ಅಲ್ಲಿಂದ ರಕ್ಷಣೆಯವರಿಗೆ ಸುದ್ದಿ ಹೋಗಿ, ಅವರು ಮೊದಲು ಮಾಡುವ ಫೋನು ಮನೆಯವರಿಗೆ. ನಾವು ಕೊಟ್ಟಿದ್ದು ನನ್ನ ನಂಬರು. ಪೆಟ್ಟಿಗೆಗೆ ಬಾಯಿ ಅಂತ ಇರುವುದು ಆ ಆಂಟೆನಾ ಕಡ್ಡಿಯೊಂದೇ.

"ಹೊರಗೇ ಯಾಕಿರ್ಬೇಕಂತೆ?" ಎಂದು ಸೌಜನ್ಯ ಕೇಳಿದ್ದಳು.

"ಒಳಗಿಟ್ರೆ ಸುತ್ತ ಕಬ್ಬಿಣದ ಪೈಪು. ಬಟ್ಟೆಗೆ ಬಳಿಯೋ ಬೆಳ್ಳಿ ಬಣ್ಣದಲ್ಲೂ ಅಲ್ಯೂಮಿನಿಯಂ ಪುಡಿ ಐತೆ. ಕೊಡದೊಳಗೆ ಬಾಯಿಟ್ಟು ಕೂಗ್ದಂಗೆ ಆಯ್ತದೆ ಮಗ," ಎಂದಿದ್ದರು ಪ್ರತಾಪ್. ಅವರದೇ ಮಾತು. ಕಡ್ಡಿಯನ್ನು ಕೂರಿಸಿದ ದಿನ ಎರಡು ಹೆಜ್ಜೆ ಹಿಂದೆ ಸರಿದು, ಮಗುವಿಗೆ ಜುಟ್ಟು ಕಟ್ಟಿದ ಅಪ್ಪನ ಹಾಗೆ ನೋಡಿದ್ದರು.

ಆಯುಧಪೂಜೆಯ ದಿನ ವಿಮಾನವನ್ನು ಕಣಕ್ಕೆ ಎಳೆದು ತಂದೆವು. ಜೀಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಔಷಧಿ ಹೊಡೆಯುವ ಮೆಷಿನ್ನು, ತೂಕದ ಕಾಟ, ಕತ್ತಿ, ಸ್ಪ್ಯಾನರು, ಎಲ್ಲಕ್ಕೂ ಕುಂಕುಮ ಇಟ್ಟು ಸಾಲಾಗಿ ಜೋಡಿಸಿದ್ದೆವು. ನಡುವೆ ವಿಮಾನ, ಮೂತಿಗೆ ಚೆಂಡುಹೂವಿನ ಹಾರ. ನೆಂಟರು, ತೋಟದವರು, ಆಲೂರಿನಿಂದ ಗೆಳೆಯ ಬಾಲು ಎಲ್ಲರೂ ಬಂದಿದ್ದರು. ವಿಮಾನ ಹಾರಿಸಲು ಹುಲ್ಲಿನ ಬಯಲು ಕೊಟ್ಟವನು ಬಾಲುವೇ.

"ಲೋ ಮಾರಾಯ, ಇದು ಹಾರ್ತದೋ, ಇಲ್ಲ ಫಾರಂ ಕೋಳಿ ತರ ಕಣದಲ್ಲೇ ಓಡಾಡ್ಕಂಡಿರ್ತದೋ?" ಎಂದ ಬಾಲು.

"ನಿನ್ನ ತಲೆ ಮೇಲೇ ಹಾರಿಸ್ತೀನಿ, ಟೋಪಿ ಹಿಡ್ಕೊ."

"ಬೆನ್ನ ಮೇಲೆ ಇದೇನೋ ಕಡ್ಡಿ? ಎಫ್‌ಎಂ ಹಾಡು ಕೇಳಾಕಾ?"

ಪ್ರತಾಪ್ ಹೇಳಿಬಿಟ್ಟರು. ಎಲ್ಲರಿಗೂ ಕೇಳುವಂತೆ, ಹೆಮ್ಮೆಯಿಂದ, ಬಿದ್ದರೆ ಏನಾಗುತ್ತದೆ, ಯಾರಿಗೆ ಗೊತ್ತಾಗುತ್ತದೆ, ಹೆಣವಾಗುವ ಮೊದಲೇ ಹೇಗೆ ಹುಡುಕಿ ತೆಗೆಯುತ್ತಾರೆ ಅಂತ ಒಂದೊಂದಾಗಿ ವಿವರಿಸಿದರು. ಆರತಿ ತಟ್ಟೆ ಹಿಡಿದು ಬರುತ್ತಿದ್ದ ಅತ್ತೆ ಅಲ್ಲೇ ನಿಂತರು.

ಅತ್ತೆ ಮೀನಾಕ್ಷಮ್ಮ ಗಟ್ಟಿ ದನಿಯಲ್ಲಿ ಮಾತಾಡುವವರಲ್ಲ. ತಟ್ಟೆಯನ್ನು ಪಲ್ಪರಿನ ಮೇಲಿಟ್ಟರು.

"ಬಿದ್ರೆ ಅಂದ್ಯಾ?"

"ಅವ್ವ, ಅದು ಸುಮ್ನೆ, ಎಲ್ಲ ವಿಮಾನಕ್ಕೂ ಇರ್ತದೆ."

"ಹಬ್ಬದ ದಿನ ಹಾರ ಹಾಕಿ, ಬೀಳಾಕೆ ಅಂತ ಅದ್ರ ಬೆನ್ನ ಮೇಲೆ ಗೂಟ ಹೊಡ್ದಿದೀಯ. ಹೊಸ ಮನೆ ಕಟ್ದೋರು ಮೂಲೇಲಿ ಚಟ್ಟಕ್ಕೆ ಬಿದಿರು ಕಡ್ದು ಇಟ್ಕತಾರೇನೋ?"

ಪ್ರತಾಪ್ ನಕ್ಕರು. ಜೊತೆಗೆ ಯಾರೂ ನಗಲಿಲ್ಲ. ಲೈನಿನ ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಬಾಲು ಕೂಡ ತನ್ನ ಚಪ್ಪಲಿ ನೋಡುತ್ತಾ ನಿಂತ.

"ತೆಗಿ ಅದನ್ನ. ಆಮೇಲೆ ಆರತಿ."

"ಪೂಜೆಗಿಟ್ಟ ಸ್ಪ್ಯಾನರ್ ಇವತ್ತು ಮುಟ್ಟಂಗಿಲ್ವಲ್ಲವ್ವ."

"ನಾನು ಹೇಳ್ತಿದೀನಿ, ಮುಟ್ಟು."

ಪೂಜೆಗಿಟ್ಟ ಆಯುಧ ಎತ್ತಿದ ಆಳಿಗೆ ಮೂರು ದಿನ ಮುಖ ಕೊಡದವರು ಅತ್ತೆ. ಅವರೇ ಸ್ಪ್ಯಾನರನ್ನು ಕುಂಕುಮದ ಸಮೇತ ತೆಗೆದು ಮಗನ ಕೈಗಿಟ್ಟರು. ಕಡ್ಡಿ ಬಂತು. ತೂತು ಉಳಿಯಿತು. ತೂತು ಬಿದ್ದ ಪಾತ್ರೆಗೆ ಪೂಜೆ ಮಾಡುವವರುಂಟೇ ಎಂದರು ಅತ್ತೆ. ಪ್ರತಾಪ್ ನನ್ನ ಕಡೆ ನೋಡಿದರು, ತೇಪೆ ಹಾಕುವ ಕೆಲಸ ನನ್ನದಾಗಿತ್ತಲ್ಲ. ನಾನು ಅಲ್ಲಾಡಲಿಲ್ಲ. ಸೌಜನ್ಯ ಓಡಿಹೋಗಿ ಬಟ್ಟೆ, ಅಂಟು, ಸಣ್ಣ ಇಸ್ತ್ರಿಪೆಟ್ಟಿಗೆ ತಂದಳು. ದುಂಡಗೆ ಕತ್ತರಿಸಿ, ಅಂಟಿಸಿ, ಬಿಗಿಯಾಗುವ ಹಾಗೆ ಕಾವು ಕೊಟ್ಟು, ಮೇಲೆ ಬೆಳ್ಳಿ ಬಣ್ಣ ಬಳಿದಳು. ಅಚ್ಚುಕಟ್ಟಾದ ಕೆಲಸ. ಅದರ ಮೇಲೆ ಅತ್ತೆ ಕುಂಕುಮ ಇಟ್ಟರು.

"ನಾಳೆ ಹಾಕ್ತೀನಿ ಕಣೇ, ಹಬ್ಬ ಕಳೀಲಿ," ಎಂದರು ಪ್ರತಾಪ್ ನನಗೆ.

ಹಬ್ಬ ಕಳೆಯಿತು, ದೀಪಾವಳಿಯೂ ಕಳೆಯಿತು. ಒಂದು ಸಂಜೆ ಹೋಗಿ ನೋಡಿದರೆ ಕಡ್ಡಿಯನ್ನು ಬಾಲದೊಳಗೆ, ಪೈಪಿನ ಮಗ್ಗುಲಿಗೆ, ಅಡ್ಡಡ್ಡವಾಗಿ ಮಲಗಿಸಿ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದಿದ್ದರು.

"ಇದೇನ್ರೀ?"

"ಐತಲ್ಲ. ಒಳಗೈತೆ."

"ಕೊಡದೊಳಗೆ ಬಾಯಿಟ್ಟಂಗೆ ಅಂದೋರು ನೀವೇ."

"ಬಟ್ಟೆ ತಾನೆ, ಒಂದಿಷ್ಟಾದ್ರೂ ತೂರ್ತದೆ. ಅವ್ವನ ಕಣ್ಣಿಗೆ ಬೀಳ್ದಿದ್ರಾಯ್ತು. ನೋಡು, ಬೆನ್ನು ಎಷ್ಟು ನುಣ್ಣಗೈತೆ. ಈಗ ಹಕ್ಕಿ ಥರಾ ಕಾಣ್ತದೆ."

ಆಗ ಅರ್ಥವಾಯಿತು. ಅತ್ತೆಯದು ಭಯ. ಇವರದು ಚಂದ. ಭಯದ ಹೆಸರು ಹೇಳಿ ಚಂದ ಮಾಡಿಕೊಂಡಿದ್ದರು. ಅತ್ತೆಗೆ ಹೇಳಿ ಒಪ್ಪಿಸುತ್ತೇನೆ ಅಂದರೆ, "ಬೀಳೋ ವಿಷ್ಯ ಬಿಟ್ರೆ ನಿನ್ನ ಬಾಯಲ್ಲಿ ಬೇರೇನೂ ಬರಲ್ವೇನೇ?" ಎಂದರು.

ನನ್ನ ಕೈಲಿದ್ದದ್ದು ಒಂದೇ. ಕಡ್ಡಿ ಬೆನ್ನಿಗೆ ಬರುವತನಕ ಸೌಜನ್ಯ ಆ ಸೀಟಿನಲ್ಲಿ ಕೂರುವುದಿಲ್ಲ ಎಂದೆ. ಊಟಕ್ಕೆ ಕೂತಾಗ, ಎಲ್ಲರ ಎದುರಿಗೆ.

"ಅಮ್ಮ, ನಾನು ಚಿಕ್ಕೋಳಾ?" ಎಂದಳು ಸೌಜನ್ಯ. "ಅದಕ್ಕೆ ಬಟ್ಟೆ ಬಿಗ್ದೋಳು ನಾನು, ಬಣ್ಣ ಬಳ್ದೋಳು ನಾನು."

"ತೇಪೆ ಹಾಕ್ದೋಳೂ ನೀನೇ."

ತಟ್ಟೆ ಬಿಟ್ಟು ಎದ್ದಳು. ಆದರೆ ಕೂರಲಿಲ್ಲ. ಅದೊಂದು ಮಾತು ನಡೆಸಿಕೊಟ್ಟಳು, ಹಲ್ಲು ಕಚ್ಚಿಕೊಂಡು.

ಪ್ರತಾಪ್ ಒಬ್ಬರೇ ಹಾರಿದರು. ಬಾಲುವಿನ ಬಯಲಿನ ಅಂಚಿಗೆ ಆಲೂರಿನ ಅರ್ಧ ಜನ ನಿಂತಿದ್ದರು. ವಿಮಾನ ನೆಲ ಬಿಟ್ಟಾಗ ನನ್ನ ಕಣ್ಣಲ್ಲೂ ನೀರು ಬಂತು. ಒಂದು ಸಲ, ಎರಡು ಸಲ, ಆಮೇಲೆ ಪ್ರತಿ ಭಾನುವಾರ. ಪ್ರತಿ ಸಲ ಸುಖವಾಗಿ ಇಳಿದಾಗಲೂ ನನ್ನ ಮಾತಿನ ತೂಕ ಒಂದಿಷ್ಟು ಕಡಿಮೆಯಾಯಿತು. "ಏನ್ ದೀಪಶ್ರೀ ಅತ್ತಿಗೆ, ಇವತ್ತೂ ಬೀಳ್ಲಿಲ್ವಲ್ಲ," ಎಂದು ಬಾಲು ಚುಚ್ಚುತ್ತಿದ್ದ. ಸೌಜನ್ಯ ಹುಲ್ಲಿನ ಮೇಲೆ ಕೂತು ಅಪ್ಪನನ್ನು ನೋಡುತ್ತಿದ್ದಳು, ನನ್ನನ್ನಲ್ಲ.

ಡಿಸೆಂಬರಿನಲ್ಲಿ ಹಣ್ಣು ಕೊಯ್ಲು ಜೋರಾಗಿತ್ತು. ಆ ದಿನ ನಾನು ಕಾಟದ ಹತ್ತಿರ ನಿಂತು ಹಣ್ಣಿನ ಚೀಲ ತೂಗಿಸುತ್ತಿದ್ದೆ. ಬಾಲುವಿನ ಫೋನು ಬಂತು.

"ಅತ್ತಿಗೆ, ಪ್ರತಾಪ ಮನೆ ಕಡೆ ಬಂದ್ನಾ? ಹೆಗ್ಗದ್ದೆ ಊರ ಮೇಲೆ ಒಂದು ಸುತ್ತು ಹಾಕ್ಕಂಡು ಬರ್ತೀನಿ ಅಂದಿದ್ದ. ಪೆಟ್ರೋಲು ಇಷ್ಟೊತ್ತಿಗೆ ಮುಗೀಬೇಕಿತ್ತು."

ಬಿದ್ದಿದ್ದರೆ ಪೆಟ್ಟಿಗೆ ಕೂಗಬೇಕು, ಕೂಗಿದರೆ ನನ್ನ ಫೋನು ರಿಂಗಾಗಬೇಕು. ಜಗುಲಿಯಲ್ಲಿ ಫೋನನ್ನು ಎದುರಿಗಿಟ್ಟುಕೊಂಡು ಕೂತೆ. ಅದು ರಿಂಗಾಗುತ್ತಲೇ ಇತ್ತು. ನೆಂಟರು, ಪೊಲೀಸಿನವರು, ವಿಷಯ ಗೊತ್ತಿಲ್ಲದೆ ಹಣ್ಣಿನ ಲಾರಿ ಯಾವಾಗ ಕಳಿಸಲಿ ಎಂದು ಕೇಳುವವನು. ಬರಬೇಕಾದ ಆ ಒಂದು ಕರೆ ಬಿಟ್ಟು ಎಲ್ಲವೂ ಬಂದವು.

ನಮ್ಮ ಕಡೆ ಆನೆ ಎಲ್ಲಿದೆ ಅಂತ ಒಬ್ಬರಿಗೊಬ್ಬರು ತಿಳಿಸಲು ವಾಟ್ಸಾಪ್ ಗುಂಪಿದೆ. ಯಾವ ತೋಟದಲ್ಲಿ ಸಲಗ ನಿಂತಿದೆ, ಯಾವ ದಾರಿ ಬಿಡಬೇಕು, ಎಲ್ಲ ಅದರಲ್ಲೇ. ನಾನೂ ಅದರಲ್ಲೇ ಬರೆದೆ: ವಿಮಾನ ಕಂಡವರು ದಯವಿಟ್ಟು ತಿಳಿಸಿ. "ಅಣ್ಣ ಮಂಗಳೂರಿಗೆ ಬಂಗುಡೆ ಮೀನು ತರಾಕೆ ಹೋಗಿರ್ಬೇಕು," ಎಂದು ಯಾರೋ ನಗುವ ಮುಖ ಹಾಕಿ ಕಳಿಸಿದ. ಸ್ವಲ್ಪ ಹೊತ್ತಿಗೆ ಅಳಿಸಿದ. ನಾನು ನೋಡಿಯಾಗಿತ್ತು.

ಕತ್ತಲಾಯಿತು, ಹುಡುಕುವವರು ವಾಪಸಾದರು. ಮರುದಿನ ಬೆಳಿಗ್ಗೆ ಸಿಕ್ಕಿದ್ದು ಆ ಗುಂಪಿನವರಿಂದಲೇ. ಆನೆ ಹಿಂಡಿನ ಹಿಂದೆ ಹೋಗುವ ಕಾವಲು ತಂಡದ ಸಿದ್ದು, ಹೆಗ್ಗದ್ದೆ ಆಚೆಯ ಕಣಿವೆಯಲ್ಲಿ ಲದ್ದಿಯ ಜಾಡು ಹಿಡಿದು ಇಳಿದವನು, ಮರಗಳ ನಡುವೆ ಬೆಳ್ಳಿ ಬಣ್ಣದ ರೆಕ್ಕೆ ಕಂಡ. ಹಿಂಡು ಬೇರೆ ಕಡೆ ತಿರುಗಿದ್ದರೆ ಅವನೂ ಅಲ್ಲಿಗೆ ಇಳಿಯುತ್ತಿರಲಿಲ್ಲ.

"ಮೂತಿ ಪೂರ್ತಿ ನುಗ್ಗಾಗಿತ್ತು ಕಣಕ್ಕ," ಎಂದು ಆಮೇಲೆ ಹೇಳಿದ. "ಅಣ್ಣನ ಕಾಲು ಅದರೊಳಗೇ ಸಿಕ್ಕಾಕ್ಕೊಂಡಿತ್ತು. ಬಾಲ ಮಾತ್ರ ಚೆನ್ನಾಗಿತ್ತು, ಬಟ್ಟೆನೂ ಹರಿದಿರ್ಲಿಲ್ಲ. ಹಿಂದಿನ ಸೀಟಿನ ಸಂದೀಲಿ ಬಗ್ಗಿ ನೋಡಿದ್ರೆ ಒಳಗೆ ಕೆಂಪು ಲೈಟು ಬಿಟ್ಟು ಬಿಟ್ಟು ಉರೀತಾ ಐತೆ, ಕುಂಯ್ ಕುಂಯ್ ಅಂತ ಸದ್ದು ಬೇರೆ. ಬಾಂಬು ಅಂದ್ಕಂಡು ನಮ್ಮೋನೊಬ್ಬ ಗುಡ್ಡ ಹತ್ತಿ ಓಡ್ಬುಟ್ಟ."

ರಾತ್ರಿಯೆಲ್ಲ ಅದು ಕೂಗಿತ್ತು. ತನ್ನ ಕೆಲಸ ತಾನು ಮಾಡಿತ್ತು.

ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. "ಹಿಂದಿನ ದಿನವೇ ತಂದಿದ್ದರೆ ಉಳಿಸಲು ಪ್ರಯತ್ನಿಸಬಹುದಿತ್ತು," ಎಂದ ಡಾಕ್ಟರು, ನಮ್ಮ ಮುಖ ನೋಡಿ, ಹಾಗೆ ಖಚಿತವಾಗಿ ಹೇಳಲು ಬರುವುದಿಲ್ಲ ಎಂದೂ ಸೇರಿಸಿದರು.

ನಾನು ಯಾರನ್ನೂ ಏನೂ ಅನ್ನಲಿಲ್ಲ. ಅನ್ನಬೇಕಾಗಿಲ್ಲ, ಅವರಿಗೇ ಗೊತ್ತಾಗಿರುತ್ತದೆ ಎಂದುಕೊಂಡಿದ್ದೆ. ನೋಡಲು ಬಂದವರಿಗೆ ಅತ್ತೆ ನಡುಮನೆಯಲ್ಲಿ ಕೂತು ಹೇಳುವುದು ಅಡಿಗೆಮನೆಗೆ ಕೇಳುತ್ತಿತ್ತು.

"ಬೀಳ್ತದೆ, ಬೀಳ್ತದೆ ಅಂತ ದಿನಾ ಜಪ ಮಾಡಿದ್ಲು. ಮನೆ ಹೆಣ್ಣಿನ ಬಾಯಲ್ಲಿ ಬಂದದ್ದು ತಪ್ತದಾ? ಆ ಗೂಟ ಕೀಳಿಸಿ ಪೂಜೆ ಮಾಡ್ಸಿದ್ದಕ್ಕೆ ಜೀವ ಒಂದು ಉಳೀತು."

ಬಂದವರು ಹೂಂಗುಟ್ಟಿ, ನಾನು ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದರು.

ಸೌಜನ್ಯ ಅಷ್ಟು ಸುತ್ತಿ ಹೇಳಲಿಲ್ಲ. "ನಾನು ಹಿಂದೆ ಕೂತಿದ್ರೆ ಗುಡ್ಡ ಹತ್ಕಂಡು ಮೇಲೆ ಬಂದು ಯಾರನ್ನಾದ್ರೂ ಕರೀತಿದ್ದೆ. ಅಪ್ಪನ ಕಾಲು ಇರ್ತಿತ್ತು. ನೀನು ಬಿಡ್ಲಿಲ್ಲ."

"ಕೂತಿದ್ರೆ ನಿಂದೂ..." ಎಂದೆ. ಮುಂದಿನದನ್ನು ಹೇಳಲಿಲ್ಲ. ಹೇಳಿದರೆ ಅದನ್ನೂ ಜಪ ಎನ್ನುತ್ತಾರೆ.

ಕೋಲು ಹಿಡಿದು ನಡೆಯುವುದು ಕಲಿತ ವಾರವೇ ಪ್ರತಾಪ್ ಸ್ಟೋರಿಗೆ ಹೋದರು. ಬಾಲು ಟ್ರ್ಯಾಕ್ಟರಿನಲ್ಲಿ ವಿಮಾನವನ್ನು ತಂದು ಅಲ್ಲಿ ಹಾಕಿದ್ದ. ಇಬ್ಬರೂ ಹೊಸ ಮೂತಿ ಕಟ್ಟುವ ಮಾತಾಡುತ್ತಿದ್ದರು. ಸೌಜನ್ಯ ಅಳತೆಯ ಟೇಪು ಹಿಡಿದಿದ್ದಳು. ನಾನು ಬಾಗಿಲಲ್ಲಿ ನಿಂತೆ.

"ಇನ್ನು ಹಾರಾಕೆ ಆಗಲ್ವಲ್ಲ ನಿಮ್ಗೆ. ಕಾಲಲ್ಲಿ ಪೆಡಲು ಒತ್ಬೇಕಲ್ಲ," ಎಂದೆ. ಆ ಒಂದು ಸಮಾಧಾನ ಉಳಿದಿತ್ತು ನನಗೆ.

"ಹಿಂದಿನ ಸೀಟಿಗೂ ಪೆಡಲು ಐತೆ," ಎಂದರು. "ಕೈ ನಂದು, ಕಾಲು ಸೌಜನ್ಯಂದು. ಅಭ್ಯಾಸ ಆದ್ರೆ ಆರಾಮಾಗಿ ಹಾರಿಸ್ಬೌದು."

"ನಾನಾಗ್ಲೇ ಹೂಂ ಅಂದಾಯ್ತು ಅಮ್ಮ," ಎಂದಳು ಸೌಜನ್ಯ.

"ಆಂಟೆನಾ?"

"ಅವ್ವ ಇರೋವರ್ಗೂ ಆ ಮಾತು ಬ್ಯಾಡ," ಎಂದರು ಪ್ರತಾಪ್. ಬೈದು ಹೇಳಲಿಲ್ಲ. ಕಾಲು ಹೋದವರಿಗೆ ಎಲ್ಲರೂ ದಾರಿ ಬಿಡುತ್ತಾರೆ ಎನ್ನುವುದು ಅಷ್ಟರಲ್ಲಿ ಅವರಿಗೆ ಅಭ್ಯಾಸವಾಗಿತ್ತು.

ಅಪಘಾತ ಹೇಗಾಯಿತೆಂದು ನೋಡಲು ಒಬ್ಬ ಅಧಿಕಾರಿ ಬರುವವರಿದ್ದರು. ಅವರು ಸರಿ ಎಂದರೆ ದುರಸ್ತಿಗೆ, ಮತ್ತೆ ಹಾರಲು ಒಪ್ಪಿಗೆ. ಬರುವ ಹಿಂದಿನ ದಿನ ಬಾಲು ಬಾಲದೊಳಗಿನ ಕಡ್ಡಿ ಬಿಚ್ಚಿ ಎಲ್ಲೋ ಸಾಗಿಸಿದ. ಸೌಜನ್ಯ ಹಾಕಿದ್ದ ತೇಪೆಯನ್ನು ಕೊಂಬೆ ಬಡಿದು ಹರಿದ ಹಾಗೆ ಕಿತ್ತ. ವಿಮಾನ ಬಿದ್ದದ್ದು ಹಾರುವಾಗ ಇಂಜಿನ್ನು ನಿಂತು. ಇಂಜಿನ್ನಿನ ತೊಂದರೆ ಇಂಜಿನ್ನಿನದು, ಅದಕ್ಕೆ ಯಾರ ಮೇಲೂ ತಪ್ಪು ಬರುವುದಿಲ್ಲ. ಆಂಟೆನಾ ಕಿತ್ತು ಒಳಗಿಟ್ಟದ್ದು ಗೊತ್ತಾದರೆ ಕಟ್ಟಿದವನ ಮೇಲೆಯೇ ನಂಬಿಕೆ ಹೋಗುತ್ತದೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಪ್ರತಾಪರನ್ನು ಕುರ್ಚಿಯಲ್ಲಿ ಕೂರಿಸಿಯೇ ಪ್ರಶ್ನೆ ಕೇಳಿದರು. ವಿಮಾನದ ಸುತ್ತ ಬಂದು, ಪೆಟ್ಟಿಗೆಯ ಹತ್ತಿರ ನಿಂತರು.

"ಬೀಕನ್ ಆನ್ ಆಗಿದೆ. ಆದರೆ ಸಿಗ್ನಲ್ ಯಾರಿಗೂ ಸಿಕ್ಕಿಲ್ಲ. ಆಂಟೆನಾ ಎಲ್ಲಿ ಕೂರಿಸಿದ್ರಿ ಸಾರ್?"

"ಮೇಲೆ. ಪುಸ್ತಕದಲ್ಲಿ ಹೇಳಿದಂಗೇ," ಎಂದರು ಪ್ರತಾಪ್. "ಮರಕ್ಕೆ ಬಡ್ದು ಹೋಗಿರ್ಬೇಕು."

"ತೂತು ಇಲ್ಲೇ ಐತಲ್ಲ ಸಾರ್, ನೋಡಿ," ಎಂದ ಬಾಲು.

ಅಧಿಕಾರಿ ತೂತಿನ ಅಂಚನ್ನು ಬೆರಳಲ್ಲಿ ಸವರಿದರು. ಟೇಪು ಹಿಡಿದು ನಿಂತಿದ್ದ ಸೌಜನ್ಯಳನ್ನು ನೋಡಿದರು. "ನೀವೂ ಕೆಲಸ ಮಾಡಿದ್ದೀರಂತೆ. ಆಂಟೆನಾ ಮೇಲೇ ಇತ್ತಾ?"

ಅವಳು ಅಪ್ಪನ ಕಾಲಿನ ಕಡೆ ನೋಡಿದಳು. ಪ್ಯಾಂಟಿನ ಅಂಚನ್ನು ಮಡಚಿ ಪಿನ್ನು ಹಾಕಿತ್ತು.

"ಹೂಂ," ಎಂದಳು.

ಕಾಫಿಯ ತಟ್ಟೆ ನನ್ನ ಕೈಯಲ್ಲಿತ್ತು. ಕೊಟ್ಟು ಒಳಗೆ ಹೋಗಿಬಿಡಬಹುದಿತ್ತು. ಹೋಗಿದ್ದರೆ ಬರುವ ಮಳೆಗಾಲ ಕಳೆಯುವುದರೊಳಗೆ ಅವಳು ಆ ಸೀಟಿನಲ್ಲಿರುತ್ತಿದ್ದಳು, ಅವಳ ಹಿಂದೆ ಬಾಯಿ ಕಟ್ಟಿದ ಅದೇ ಪೆಟ್ಟಿಗೆ.

"ಮೇಲಿರ್ಲಿಲ್ಲ ಸಾರ್," ಎಂದೆ. "ಬಾಲದೊಳಗೆ ಅಡ್ಡಡ್ಡ ಕಟ್ಟಿದ್ರು. ಆ ತೂತಿಗೆ ತೇಪೆ ಹಾಕಿತ್ತು. ನೆನ್ನೆ ಕಿತ್ತಿರೋದು. ಸಿಕ್ಕಾಗ ಬಾಲದ ಬಟ್ಟೆ ಎಲ್ಲೂ ಹರಿದಿರ್ಲಿಲ್ಲ, ಬೇಕಾದ್ರೆ ಸಿದ್ದುನ ಕೇಳಿ."

ಅಧಿಕಾರಿ ಪ್ರತಾಪರ ಕಡೆ ತಿರುಗಿ, "ಯಾಕೆ ಸಾರ್?" ಎಂದು ಕೇಳಿದರು.

ಉತ್ತರ ಬಂದದ್ದು ಬಾಗಿಲಿನಿಂದ. ಅತ್ತೆ ಯಾವಾಗಲೋ ಬಂದು ನಿಂತಿದ್ದರು.

"ನಾನೇ ತೆಗ್ಸಿದ್ದು. ಅವನ್ಯಾಕೆ ಹೆದರ್ಕಂಡು ಸುಳ್ಳು ಹೇಳ್ಬೇಕು? ಬೀಳಾಕೆ ಅಂತ ಇಟ್ಟ ವಸ್ತು ಮೈಮೇಲಿದ್ರೆ ಪೂಜೆ ಸಲ್ಲಲ್ಲ. ತೆಗ್ಸಿದ್ದಕ್ಕೇ ನನ್ನ ಮಗ ಜೀವಂತ ಕೂತವ್ನೆ. ಬರ್ಕಳಪ್ಪ."

"ಅಜ್ಜಿ, ಇದನ್ನ ನಾನು ಹೇಗೆ ಬರೀಲಿ?"

"ಇದ್ದಂಗೆ ಬರ್ಕ. ಮೀನಾಕ್ಷಮ್ಮ ಹೇಳಿದ್ಲು ಅಂತ ಬರಿ."

ಅವರು ಬರೆದುಕೊಂಡರು. ಆ ಸ್ಟೋರಿನಲ್ಲಿ ಸುಳ್ಳು ಹೇಳಲು ಒಪ್ಪದವರು ನಾವಿಬ್ಬರೇ, ನಾನು ಮತ್ತು ನನ್ನ ಅತ್ತೆ. ಅದರಿಂದ ನಾವು ಒಂದು ಕಡೆಯವರಾಗಲಿಲ್ಲ.

ಅಧಿಕಾರಿಯ ಜೀಪು ಗೇಟು ದಾಟಿದ ಮೇಲೆ ಪ್ರತಾಪ್ ನನ್ನನ್ನು ನೋಡಿದರು. "ಇರೋ ಇನ್ನೊಂದು ಕಾಲನ್ನೂ ಕಡ್ದಾಕ್ಬುಟ್ಟೆ ಕಣೇ," ಎಂದರು.

ಒಪ್ಪಿಗೆ ರದ್ದಾಯಿತು. ಅವರು ಇನ್ನು ವಿಮಾನ ಕಟ್ಟುವ ಹಾಗಿಲ್ಲ, ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ. ಬಾಲು ನನ್ನನ್ನು ಅತ್ತಿಗೆ ಎನ್ನುವುದು ಬಿಟ್ಟ, ಬರುವುದನ್ನೂ ಬಿಟ್ಟ. ಗಂಡಸಿನ ಕೊನೆಯ ಆಸೆಯನ್ನು ಹೆಂಡತಿಯೇ ಕೊಂದಳು ಎಂದು ಆಲೂರಿನವರೆಗೂ ಸುದ್ದಿ. ಎದುರಿಗೆ ಯಾರೂ ಅನ್ನುವುದಿಲ್ಲ. ನಾನು ಮಾರ್ಕೆಟ್ಟಿಗೆ ಹೋದರೆ ಮಾತು ನಿಲ್ಲುತ್ತದೆ, ಅಷ್ಟೆ.

ಸೌಜನ್ಯ ಈಗ ಪ್ರತಿ ಶನಿವಾರ ಬರುವುದಿಲ್ಲ. ಹೋದ ಸಲ ಬಂದಾಗ ಅಜ್ಜಿಗೆ ಊಟ ತೆಗೆದುಕೊಂಡು ಹೋಗಲು ಅಡಿಗೆಮನೆಗೆ ಬಂದಳು. ಅನ್ನ ಬಡಿಸುತ್ತಿದ್ದೆ.

"ಅಪ್ಪ ದಿನಾ ಗೋಡೆ ನೋಡ್ಕಂಡು ಕೂತಿರ್ತಾರೆ," ಎಂದಳು.

"ನೋಡ್ತಿದೀನಿ."

"ನಿಂಗೆ ನಾನು ಬದುಕಿದ್ರೆ ಸಾಕು, ಅಲ್ವಾ? ಯಾರು ಏನಾದ್ರೂ, ನಾನು ನಿನ್ನ ಮುಖ ನೋಡ್ದಿದ್ರೂ."

"ಹೂಂ," ಎಂದೆ. "ಸಾರು ಬಿಸಿ ಐತೆ, ಹುಷಾರು."

ಎರಡು ತಟ್ಟೆ ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಒಳಗೆ ನಡೆದಾಡುತ್ತಿದ್ದಳು, ಎರಡೂ ಕಾಲಿನಲ್ಲಿ.